ಸಾಲು ಅಳಿಸಿದರೂ ಫೈಲ್ ಕುಗ್ಗಲಿಲ್ಲ: ಬೋಧನಾಭ್ಯಾಸದ ಒಂದು ಪಾಠ

ದ್ವಿತೀಯ ಪಿಯುಸಿ ಗಣಕ ವಿಜ್ಞಾನ ತರಗತಿಗೆ ನಾನು ಆರಿಸಿಕೊಂಡ ಕಲಿಕಾಂಶ ‘ಡೇಟಾಬೇಸ್ ಬೆಳೆದಂತೆ ಏನಾಗುತ್ತದೆ?’ ಪೀಠಿಕೆಗೆ ಹಾಜರಾತಿಯ ಲೆಕ್ಕ ಕೊಟ್ಟೆ. 500 ವಿದ್ಯಾರ್ಥಿಗಳು, ವರ್ಷಕ್ಕೆ 220 ದಿನ, ಒಬ್ಬರಿಗೆ ದಿನಕ್ಕೊಂದು ಸಾಲು. ಮಕ್ಕಳೇ ಗುಣಿಸಿ 1,10,000 ಎಂದರು. ಸಾಲಿಗೆ 40 ಬೈಟ್ ಹಿಡಿದರೆ ವರ್ಷಕ್ಕೆ ಸುಮಾರು 4.4 ಎಂಬಿ. ಐದು ವರ್ಷಕ್ಕೆ ಐದೂವರೆ ಲಕ್ಷ ಸಾಲು, 22 ಎಂಬಿ.

ಇಲ್ಲಿಯವರೆಗೆ ಪಾಠ ಯೋಜನೆಯಂತೆಯೇ ನಡೆಯಿತು. ಮುಂದಿನ ಹಂತಕ್ಕೆ ‘ಹಳೆಯ ಸಾಲುಗಳನ್ನು ಅಳಿಸಿದರೆ ಫೈಲ್ ಚಿಕ್ಕದಾಗುತ್ತದೆ, ಹುಡುಕಾಟ ವೇಗವಾಗುತ್ತದೆ’ ಎಂದು ಬರೆದುಕೊಂಡಿದ್ದೆ. ಎಸ್‌ಕ್ಯೂಲೈಟ್‌ನಲ್ಲಿ ನಾಲ್ಕು ವರ್ಷದ ಸಾಲುಗಳನ್ನು ಡಿಲೀಟ್ ಮಾಡಿ ತೋರಿಸಿದೆ. ಸಾಲುಗಳ ಎಣಿಕೆ ಇಳಿಯಿತು, ಫೈಲ್ ಗಾತ್ರ ಮಾತ್ರ ಕದಲಲಿಲ್ಲ. “ಮಿಸ್, ಅಳಿಸಿದ್ರಲ್ಲಾ, ಸೈಜ್ ಯಾಕೆ ಕಮ್ಮಿ ಆಗ್ಲಿಲ್ಲ?” ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಹಿಂದೆ ಮೇಲ್ವಿಚಾರಕರು ಕುಳಿತಿದ್ದರು. ಉತ್ತರ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಎಂದೆ.

ಮರುದಿನ ದಾಖಲಾತಿ ರಿಜಿಸ್ಟರಿನಿಂದ ಆರಂಭಿಸಿದೆ. ಮಗು ಟಿಸಿ ಪಡೆದು ಹೋದರೆ ಹೆಸರಿನ ಮೇಲೆ ಗೆರೆ ಬೀಳುತ್ತದೆ, ಪುಸ್ತಕ ತೆಳ್ಳಗಾಗುವುದಿಲ್ಲ. ಎಸ್‌ಕ್ಯೂಲೈಟ್ ಕೂಡ ಫೈಲನ್ನು ಪುಟಗಳಾಗಿ ವಿಂಗಡಿಸಿಕೊಂಡಿರುತ್ತದೆ. ಒಂದು ಪುಟ ಸಾಮಾನ್ಯವಾಗಿ 4,096 ಬೈಟ್. ಪೂರ್ತಿ ಖಾಲಿಯಾದ ಪುಟವನ್ನು ‘ಖಾಲಿ’ ಪಟ್ಟಿಗೆ ಸೇರಿಸಿ ಇಟ್ಟುಕೊಳ್ಳುತ್ತದೆ. ಹೋಲಿಕೆ ಮುರಿಯುವುದು ಇಲ್ಲೇ, ಅದನ್ನೂ ಮಕ್ಕಳಿಗೆ ಹೇಳಬೇಕು: ರಿಜಿಸ್ಟರಿನಲ್ಲಿ ಹೊಡೆದುಹಾಕಿದ ಸಾಲಿನ ಮೇಲೆ ಬೇರೆ ಹೆಸರು ಬರೆಯುವಂತಿಲ್ಲ, ಡೇಟಾಬೇಸಿನಲ್ಲಿ ಆ ಪುಟ ಮುಂದಿನ ವರ್ಷದ ಹಾಜರಾತಿಗೆ ಬಳಕೆಯಾಗುತ್ತದೆ. ಫೈಲ್ ನಿಜವಾಗಿ ಕುಗ್ಗಬೇಕಾದರೆ ವ್ಯಾಕ್ಯೂಮ್ ಆಜ್ಞೆ ಕೊಡಬೇಕು. ಅದು ಉಳಿದ ಸಾಲುಗಳನ್ನಷ್ಟೇ ಹೊಸದಾಗಿ ಬರೆದುಕೊಳ್ಳುತ್ತದೆ. ನಕಲು ಮಾಡುವಾಗ ಪಕ್ಕದಲ್ಲಿ ಇನ್ನೊಂದು ಪುಸ್ತಕ ಬೇಕಲ್ಲವೇ? ಹಾಗೆಯೇ ಡಿಸ್ಕಿನಲ್ಲಿ ಮೂಲ ಫೈಲಿನ ಎರಡರಷ್ಟು ಖಾಲಿ ಜಾಗ ಬೇಕಾಗಬಹುದು. ಡಿಸ್ಕ್ ತುಂಬಿದ ಮೇಲೆ ವ್ಯಾಕ್ಯೂಮ್ ನೆನಪಿಸಿಕೊಂಡರೆ ತಡವಾಯಿತು.

ವೇಗದ ಪ್ರಶ್ನೆಯನ್ನು ಬೇರೆಯೇ ಇಟ್ಟೆ. ಮೊದಲ ದಿನ ಎರಡನ್ನೂ ಬೆರೆಸಿದ್ದೇ ನನ್ನ ತಪ್ಪು. 1ರಿಂದ 100ರೊಳಗೆ ನೆನೆದ ಸಂಖ್ಯೆಯನ್ನು ‘ಹೆಚ್ಚೋ ಕಮ್ಮಿಯೋ’ ಎಂದು ಕೇಳುತ್ತಾ ಏಳು ಪ್ರಶ್ನೆಯೊಳಗೆ ಹಿಡಿಯುವ ಆಟ ಆಡಿಸಿದೆ. ವಿದ್ಯಾರ್ಥಿ ಸಂಖ್ಯೆಗೆ ಇಂಡೆಕ್ಸ್ ಇಲ್ಲದಿದ್ದರೆ ಒಬ್ಬರ ಹಾಜರಾತಿಗಾಗಿ ಐದೂವರೆ ಲಕ್ಷ ಸಾಲನ್ನೂ ನೋಡಬೇಕು. ಅನುಕ್ರಮದಲ್ಲಿದ್ದು ಅರ್ಧ ಅರ್ಧವಾಗಿ ಹುಡುಕಿದರೆ 1,10,000 ಸಾಲಿಗೆ 17 ಹೆಜ್ಜೆ, ಐದು ಪಟ್ಟು ಬೆಳೆದ ಮೇಲೂ 20. ತರಗತಿಗೆ ನಂಬಿಕೆ ಬರಲಿಲ್ಲ, ಎರಡರ ಘಾತಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿದೆ. ಇಂಡೆಕ್ಸ್ ಹಾಕಿದಾಗ ಫೈಲ್ ಗಾತ್ರ ಹೆಚ್ಚಿದ್ದನ್ನು ಅವರೇ ಗಮನಿಸಿದರು. ಪ್ರತಿ ಹೊಸ ಸಾಲಿಗೂ ಇಂಡೆಕ್ಸನ್ನೂ ತಿದ್ದಬೇಕಾದ್ದರಿಂದ ಸೇರಿಸುವ ಕೆಲಸ ಕೊಂಚ ನಿಧಾನವಾಗುತ್ತದೆ ಎಂದಷ್ಟೇ ನಾನು ಸೇರಿಸಿದೆ.

ಮೌಲ್ಯಮಾಪನದಲ್ಲಿ ‘ಫೈಲ್ ದೊಡ್ಡದಾದರೆ ಹುಡುಕಾಟ ನಿಧಾನವಾಗಲೇಬೇಕೇ?’ ಎಂದು ಕೇಳಿದೆ. ಹಲವರು ಇನ್ನೂ ‘ಹೌದು’ ಎಂದೇ ಬರೆದಿದ್ದರು. ಮೊದಲ ದಿನ ನಾನೇ ಹೇಳಿಕೊಟ್ಟ ಉತ್ತರ ಅದು. ಮುಂದಿನ ವಿಭಾಗಕ್ಕೆ ಯೋಜನೆಯಲ್ಲಿ ಆ ವಾಕ್ಯ ತೆಗೆದು, ಅಳಿಸಿ ಗಾತ್ರ ನೋಡುವ ಪ್ರಯೋಗವನ್ನೇ ಪೀಠಿಕೆಗೆ ತಂದಿದ್ದೇನೆ.