ಕಿವಿಗೆ ಬಂದ ಸರ್ಪಸುತ್ತು

ಪ್ರಶ್ನೆ: ನನ್ನ ತಾಯಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ವಾರದ ಹಿಂದೆ ಬಲಗಿವಿ ವಿಪರೀತ ನೋಯತೊಡಗಿತು. ಮೂರನೇ ದಿನ ಕಿವಿಯ ಮೇಲೆ ನೀರುಗುಳ್ಳೆಗಳೆದ್ದವು, ಮರುದಿನ ಬಾಯಿ ಸೊಟ್ಟಗಾಯಿತು. ಈಗ ಆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ, ಎದ್ದರೆ ತಲೆ ತಿರುಗುತ್ತದೆ. ಊರವರು ಸರ್ಪಸುತ್ತು ಎಂದು ಕೆಮ್ಮಣ್ಣು ಹಚ್ಚಿದ್ದಾರೆ. ಕಿವುಡು ಹಾಗೇ ಉಳಿದುಬಿಡುತ್ತದೆಯೇ?

ಉತ್ತರ: ಊರವರು ಕಾಯಿಲೆಯ ಹೆಸರನ್ನು ಸರಿಯಾಗಿಯೇ ಹೇಳಿದ್ದಾರೆ, ತಪ್ಪಿದ್ದು ಮದ್ದು. ತಾಯಿಯನ್ನು ಇಂದೇ ಇಎನ್‌ಟಿ ತಜ್ಞರಲ್ಲಿಗೆ ಕರೆದೊಯ್ಯಿರಿ. ಉಳಿದದ್ದನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದರೂ ನಡೆಯುತ್ತದೆ.

ಚಿಕನ್‌ಪಾಕ್ಸ್ ವಾಸಿಯಾದರೂ ಅದರ ವೈರಸ್ ನರಗಳ ಗಂಟುಗಳಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ತಲೆ ಎತ್ತುತ್ತದೆ. ಹೆಚ್ಚಾಗಿ ಎದೆ, ಬೆನ್ನಿನ ಒಂದು ಪಕ್ಕ ಗುಳ್ಳೆಗಳ ಪಟ್ಟಿ ಕಾಣಿಸುತ್ತದೆ. ಮುಖದ ನರದ ಗಂಟಿನಲ್ಲಿ ಎದ್ದರೆ ಮಾತ್ರ ನಿಮ್ಮ ತಾಯಿಗೆ ಆದಂತೆ ಆಗುತ್ತದೆ. ಅಮೆರಿಕದ ನರರೋಗ ತಜ್ಞ ಜೇಮ್ಸ್ ರಾಮ್ಸೆ ಹಂಟ್ 1907ರಲ್ಲಿ ಇದನ್ನು ವಿವರಿಸಿದ್ದರಿಂದ ರಾಮ್ಸೆ ಹಂಟ್ ಸಿಂಡ್ರೋಮ್ ಎನ್ನುತ್ತೇವೆ. 2022ರಲ್ಲಿ ಗಾಯಕ ಜಸ್ಟಿನ್ ಬೀಬರ್ ಅರ್ಧ ಮುಖ ಅಲುಗದ ವಿಡಿಯೊ ಹಾಕಿದ್ದು ಇದೇ ಕಾಯಿಲೆಯಿಂದ. ಆಗ ಆತನಿಗೆ ಬರೀ 28.

ಮುಖದ ನರ ಮತ್ತು ಕೇಳುವಿಕೆ, ಸಮತೋಲನಗಳ ನರ ಇಕ್ಕಟ್ಟಾದ ಒಂದೇ ಮೂಳೆ ಕೊಳವೆಯಲ್ಲಿ ಅಕ್ಕಪಕ್ಕ ಸಾಗುತ್ತವೆ. ಒಂದರ ಉರಿಯೂತ ಇನ್ನೊಂದನ್ನು ಬಿಡುವುದಿಲ್ಲ. ಹಾಗಾಗಿ ಕಿವಿ ಮಂದವಾಗುವುದು, ಗುಂಯ್‌ಗುಡುವುದು, ತಲೆಸುತ್ತು, ವಾಂತಿ. ಕೆಲವರಿಗೆ ಪಾತ್ರೆ ಇಟ್ಟ ಸದ್ದೂ ಸಹಿಸಲಾಗದು. ಜೋರು ಸದ್ದನ್ನು ತಗ್ಗಿಸುವ ಕಿವಿಯೊಳಗಿನ ಪುಟ್ಟ ಸ್ನಾಯು ಕೂಡ ಮುಖದ ನರದ ಮಾತನ್ನೇ ಕೇಳುವುದು.

ಚಿಕಿತ್ಸೆಯೆಂದರೆ ಅಸೈಕ್ಲೊವಿರ್ ಅಥವಾ ವಾಲಸೈಕ್ಲೊವಿರ್, ಜೊತೆಗೆ ಸ್ಟೀರಾಯ್ಡ್. 72 ಗಂಟೆಯೊಳಗೆ ಶುರುವಾದರೆ ಫಲ ಹೆಚ್ಚು. ನಿಮಗೆ ತಡವಾಗಿದೆ, ಆದರೆ ತಡವಾಯಿತೆಂದು ಕೈಬಿಡುವ ಕಾಯಿಲೆ ಇದಲ್ಲ. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ, ವೈದ್ಯರಿಗೆ ಮೊದಲೇ ತಿಳಿಸಿ. ಕಿಡ್ನಿಯ ಸ್ಥಿತಿ ನೋಡಿ ಮಾತ್ರೆಯ ಪ್ರಮಾಣ ನಿರ್ಧರಿಸಬೇಕಾಗುತ್ತದೆ. ಈಗೊಮ್ಮೆ, ಆಮೇಲೊಮ್ಮೆ ಆಡಿಯೋಗ್ರಾಮ್ ಮಾಡಿಸಿ. ಬಲಗಣ್ಣು ಪೂರ್ತಿ ಮುಚ್ಚುತ್ತಿಲ್ಲವಾದರೆ ಹಗಲು ತೇವದ ಹನಿ ಹಾಕಿ, ರಾತ್ರಿ ರೆಪ್ಪೆ ಮುಚ್ಚಿ ಟೇಪ್ ಅಂಟಿಸಿ. ಕಣ್ಣು ಒಣಗಿ ಕರಿಗುಡ್ಡೆಗೆ ಗಾಯವಾಗುವುದನ್ನು ಎಲ್ಲರೂ ಮರೆಯುತ್ತಾರೆ. ಒಡೆದ ಗುಳ್ಳೆಗೆ ಮಣ್ಣು ಮೆತ್ತಿದರೆ ಸೋಂಕು ತಗಲಬಹುದು. ಕಿವಿಗೆ ಬಿಸಿ ಎಣ್ಣೆಯಂತೂ ಬೇಡವೇ ಬೇಡ.

ಕಿವುಡಿನ ಬಗ್ಗೆ ಈಗಲೇ ಮಾತು ಕೊಡಲಾರೆ. ಅನೇಕರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ಸುಧಾರಿಸುತ್ತದೆ. ಕೆಲವರಿಗೆ ಸ್ವಲ್ಪ ಮಂದತೆ ಉಳಿಯುತ್ತದೆ, ಅಂಥವರಿಗೆ ಹಿಯರಿಂಗ್ ಏಡ್ ನೆರವಾಗಬಹುದು.

ಪ್ರಶ್ನೆ: ಮನೆಯಲ್ಲಿ ಗರ್ಭಿಣಿ ಇದ್ದಾಳೆ. ಅಂಟುತ್ತದೆಯೇ? ಇದಕ್ಕೆ ಲಸಿಕೆ ಇದೆಯೇ?

ಉತ್ತರ: ಸರ್ಪಸುತ್ತು ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಚಿಕನ್‌ಪಾಕ್ಸ್ ಬಾರದ, ಅದರ ಲಸಿಕೆಯನ್ನೂ ಪಡೆಯದವರಿಗೆ ಗುಳ್ಳೆಯ ನೀರಿನಿಂದ ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆಗಳು ಹಕ್ಕುಗಟ್ಟುವವರೆಗೆ ಆಕೆ ದೂರವಿರಲಿ. ಈಗಾಗಲೇ ಮುಟ್ಟಿದ್ದು, ಚಿಕನ್‌ಪಾಕ್ಸ್ ಬಂದಿತ್ತೋ ಇಲ್ಲವೋ ನೆನಪಿಲ್ಲದಿದ್ದರೆ ಕೂಡಲೇ ಪ್ರಸೂತಿ ತಜ್ಞರಿಗೆ ಹೇಳಿ.

50 ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ನಮ್ಮ ದೇಶದಲ್ಲೂ 2023ರಿಂದ ಸಿಗುತ್ತಿದೆ. 2ರಿಂದ 6 ತಿಂಗಳ ಅಂತರದಲ್ಲಿ ಎರಡು ಡೋಸ್. ದುಬಾರಿ, ನಿಜ. ತಾಯಿ ಗುಣವಾದ ಮೇಲೆ ಅವರಿಗೂ ಹಾಕಿಸಬಹುದು, ಯಾವಾಗ ಎಂದು ವೈದ್ಯರನ್ನು ಕೇಳಿ.