ಮೂರನೇ ವರ್ಷದ ಸೂಟ್‌ಕೇಸ್

ಇಂಗ್ಲೆಂಡಿನಲ್ಲಿ ಜೀವರಸಾಯನಶಾಸ್ತ್ರದ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು. ಹಲವು ವಿಶ್ವವಿದ್ಯಾಲಯಗಳಲ್ಲಿ ನಡುವೆ ಒಂದು ವರ್ಷ ಬೇರೆ ದೇಶದಲ್ಲಿ ಕಲಿತು, ನಾಲ್ಕಕ್ಕೆ ಮುಗಿಸಬಹುದು. ಅಲ್ಲಿಗೆ ಹೊರಟವರು ಈ ಅವಕಾಶ ಬಿಡಬೇಡಿ. ಆದರೆ ಊರು ನೋಡಿ ಆರಿಸಬೇಡಿ, ಲ್ಯಾಬ್ ನೋಡಿ ಆರಿಸಿ.

ಕೆಲವು ಕಡೆ ಆ ವರ್ಷವೆಲ್ಲ ಪಾಠ, ಪರೀಕ್ಷೆ. ಕೆಲವು ಕಡೆ ಪೂರ್ತಿ ಸಂಶೋಧನೆ. ನನ್ನ ಓಟು ಎರಡನೆಯದಕ್ಕೆ. ಪ್ರೋಟೀನ್ ಶುದ್ಧೀಕರಣ ಪುಸ್ತಕದಲ್ಲಿ ಎರಡೇ ಪುಟ. ಕೈಯಾರೆ ಮಾಡುವಾಗ ಕಿಣ್ವವನ್ನು ಐಸಿನ ಮೇಲಿಡಲು ಮರೆತಿರೋ, ಮೂರು ದಿನದ ದುಡಿಮೆ ನೀರುಪಾಲು! ಆ ಎಚ್ಚರ ಬೆರಳಿಗೆ ಹತ್ತಲು ಮಧ್ಯಾಹ್ನದ ಒಂದು ಪ್ರಾಕ್ಟಿಕಲ್ ಎಲ್ಲಿ ಸಾಕು?

ಹೊರದೇಶದ ಲ್ಯಾಬಿನ ಒಂದು ವರ್ಷ ಏನು ಕೊಡಬಲ್ಲದು ನೋಡಿ. ಜೀವರಸಾಯನ ವಿಜ್ಞಾನಿ ಹರಗೋಬಿಂದ್ ಖೊರಾನಾ ಲಿವರ್‌ಪೂಲಿನಲ್ಲಿ ಪಿಎಚ್‌.ಡಿ. ಮುಗಿಸಿ, 1948-49ರಲ್ಲಿ ಜ್ಯೂರಿಕ್‌ಗೆ ಹೋಗಿ ರಸಾಯನಶಾಸ್ತ್ರಜ್ಞ ವ್ಲಾಡಿಮಿರ್ ಪ್ರೆಲಾಗ್ ಅವರ ಬಳಿ ಒಂದು ವರ್ಷ ಕೆಲಸ ಮಾಡಿದರು. ತಮ್ಮ ಆಲೋಚನೆಯನ್ನು ರೂಪಿಸಿದ್ದು ಆ ಒಡನಾಟ ಎಂದು ಮುಂದೆ ನೆನೆದರು. ಮುಂದೆ ಇಬ್ಬರಿಗೂ ನೊಬೆಲ್ ಬಂತು, ಶಿಷ್ಯನಿಗೆ 1968ರಲ್ಲಿ, ಗುರುವಿಗೆ 1975ರಲ್ಲಿ.

ಹೊರಡುವ ಮೊದಲು ವಿಭಾಗದಲ್ಲಿ ಮುಲಾಜಿಲ್ಲದೆ ಕೇಳಿ: ಆ ವರ್ಷದ ಅಂಕ ಪದವಿಗೆ ಸೇರುತ್ತದೆಯೇ? ಶುಲ್ಕ ಎಷ್ಟು? ಪಾಠ ಯಾವ ಭಾಷೆಯಲ್ಲಿ? ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಇನ್ನೊಂದು ಮಾತು. ಬ್ರಿಟನ್ನಿನ ವೀಸಾ ಹಿಡಿದು, ಉದಾಹರಣೆಗೆ, ಜರ್ಮನಿಯಲ್ಲಿ ಓದಲಾಗದು. ಅದಕ್ಕೆ ಬೇರೆ ಅರ್ಜಿ, ಬೇರೆ ಕಾಯುವಿಕೆ. ಎರಡನೇ ವರ್ಷದ ಪರೀಕ್ಷೆಯ ಗಡಿಬಿಡಿ ಶುರುವಾಗುವ ಮುಂಚೆಯೇ ಆ ಕಾಗದಪತ್ರಕ್ಕೆ ಕೈಹಾಕಿ.