ಬ್ಯಾಂಡಿಕೂಟ್ ಶಬ್ದದ ಹುಟ್ಟು

ಆಂಗ್ಲಭಾಷೆಯಲ್ಲಿ ಹೆಗ್ಗಣಕ್ಕೆ ಬ್ಯಾಂಡಿಕೂಟ್ ಎಂಬ ಹೆಸರುಂಟು. ಕೇಳಿದೊಡನೆ ಇದು ಸೀಮೆಯಿಂದ ಹಡಗೇರಿ ಬಂದ ಮಾತೆಂದು ತೋರುತ್ತದೆ. ವಾಸ್ತವವಾಗಿ ಇದು ಇಲ್ಲಿಂದ ಹಡಗೇರಿ ಹೋದ ಮಾತು. ತೆಲುಗಿನಲ್ಲಿ ಈ ಪ್ರಾಣಿಯನ್ನು 'ಪಂದಿಕೊಕ್ಕು' ಎನ್ನುತ್ತಾರೆ, ಎಂದರೆ ಹಂದಿಯಿಲಿ. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಹೊರತಂದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಈ ವ್ಯುತ್ಪತ್ತಿಯನ್ನೇ ಕೊಟ್ಟಿದ್ದಾರೆ.

ಹೆಸರಿಟ್ಟವರ ಕಣ್ಣು ಕಿವಿ ಚುರುಕಾಗಿದ್ದುವು. ನಮ್ಮ ಹಂದನಕೆರೆಯ ಕಡೆ ತೋಟದ ಬದುವನ್ನು ತೋಡುವ, ಎಳೆಯ ತೆಂಗಿನ ಸಸಿಯ ಬುಡವನ್ನು ಕಡಿಯುವ ಹೆಗ್ಗಣವನ್ನು ಅಡ್ಡಗಟ್ಟಿ ನೋಡಿ. ಅದು ಹಂದಿಮರಿಯಂತೆಯೇ ಗುರುಗುಟ್ಟುತ್ತದೆ. (ಮರವೇರಿ ಎಳನೀರಿಗೆ ತೂತು ಕೊರೆಯುವ ಕಳ್ಳನೇ ಬೇರೆ, ಅದು ಇಲಿ.)

ಈ 'ಪಂದಿ' ನಮಗೂ ಹೊರಗಿನದಲ್ಲ. ಹಳಗನ್ನಡದಲ್ಲಿ ನಮ್ಮದೂ ಪಂದಿಯೇ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪಂದಿ ಹಂದಿಯಾಯಿತು. ತೆಲುಗು ಪಕಾರವನ್ನು ಉಳಿಸಿಕೊಂಡಿತು. ಆಂಗ್ಲರ ಬಾಯಲ್ಲಿ ಅದು ಬಕಾರವಾಯಿತು. ಹೆಗ್ಗಣವೂ ಇದೇ ದಾರಿ ಹಿಡಿದ ಶಬ್ದ. ಪೆರ್ಗಡೆ ಹೆಗ್ಗಡೆಯಾದುದನ್ನು ನೆನೆದರೆ, ಹೆಗ್ಗಣದ ಮೊದಲಲ್ಲಿರುವ 'ಹೆ' ಹಿರಿದೆಂಬ ಅರ್ಥದ್ದೆಂದು ತಿಳಿಯುತ್ತದೆ. ತೆಲುಗರು ಹಂದಿಯ ಹೋಲಿಕೆಯನ್ನು ಕಂಡರು, ನಾವು ಗಾತ್ರವನ್ನು ಕಂಡೆವು. ತಮಿಳರ 'ಪೆರುಚ್ಚಾಳಿ'ಯೂ ಗಾತ್ರದ ಮಾತೇ.

ನಮ್ಮ ಮನೆಯಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ. ನನ್ನಂತಹವರಿಗೆ ತರಗತಿಯಲ್ಲಿ ಇಂಗ್ಲಿಷ್ ಶಬ್ದವೊಂದನ್ನು ಬಾಯಿಬಿಟ್ಟು ಹೇಳುವುದೆಂದರೆ ಬೆವರು. ಆದರೆ ಈ ಶಬ್ದವನ್ನು ಆಂಗ್ಲರಿಗೆ ಕಲಿಸಿದವರು ಪಂಡಿತರಾಗಿರಲಾರರು. ಹೊಲಗದ್ದೆಗಳಲ್ಲಿ ಹೆಗ್ಗಣದೊಡನೆ ಹೆಣಗಿದ ಜನವೇ ಇರಬೇಕು.

ಮುಂದೆ ಶಬ್ದಕ್ಕೆ ಇನ್ನೊಂದು ಗತಿ ಬಂದಿತು. ಆಸ್ಟ್ರೇಲಿಯಕ್ಕೆ ಹೋದ ಆಂಗ್ಲರು ಅಲ್ಲಿನ ಉದ್ದ ಮೂತಿಯ ಪ್ರಾಣಿಯೊಂದಕ್ಕೆ ಇದೇ ಹೆಸರನ್ನಿಟ್ಟರು. ಅದು ಇಲಿಯಲ್ಲ, ಕಾಂಗರೂವಿನಂತೆ ಹೊಟ್ಟೆಯ ಚೀಲದಲ್ಲಿ ಮರಿಯನ್ನು ಸಾಕುವಂಥದು. ಹೀಗೆ ಒಂದೇ ಹೆಸರಿಗೆ ಇಬ್ಬರು ಒಡೆಯರಾದರು. 1873ರಲ್ಲಿ ಗ್ರೇ ಎಂಬ ಪ್ರಾಣಿಶಾಸ್ತ್ರಜ್ಞರು ನಮ್ಮ ಹೆಗ್ಗಣದ ಕುಲಕ್ಕೆ 'ಬ್ಯಾಂಡಿಕೋಟ' ಎಂದು ನಾಮಕರಣ ಮಾಡಿದುದರಿಂದ, ಶಾಸ್ತ್ರದ ಪುಸ್ತಕದಲ್ಲಾದರೂ ಹೆಸರು ಹಳೆಯ ಒಡೆಯನಿಗೆ ಸಂದಿತು.

ಇದರ ಜೊತೆಯದೇ ಮಂಗೂಸ್. ಮರಾಠಿಯ ಮುಂಗುಸ, ನಮ್ಮ ಮುಂಗುಸಿ, ಎಲ್ಲವೂ ಒಂದೇ ಬಳಗ. ಅದರ ಕೊನೆಯಲ್ಲಿ ಕೇಳುವ 'ಗೂಸ್'ಗೂ ಆಂಗ್ಲರ ಹೆಬ್ಬಾತಿಗೂ ಯಾವ ನಂಟೂ ಇಲ್ಲ. ಆದಕಾರಣ ಗೂಸ್ ಬಹುವಚನದಲ್ಲಿ ಗೀಸ್ ಆದರೂ ಮಂಗೂಸ್ ಮಂಗೀಸ್ ಆಗದು. ಮಂಗೂಸಸ್ ಎಂದೇ ಬರೆಯತಕ್ಕದ್ದು.